ಬಾಳವ್ವ ಗಂಡಾ ಕಟ್ಟಿಸಿಕೊಂಡದ್ದು

ತೇರದಾಳದ ಬಾಳವ್ವನ ಎದುರಿಗೆ ದಸ್ತಗೀರಖಾನ ಉಸ್ತಾದರ ಹೆಸರೆತ್ತಿದವರು ಬೈಸಿಕೊಳ್ಳದೆ ಮನೆ ಮುಟ್ಟಿದ್ದಿಲ್ಲ. ಸಿತಾರ ಬಾರಿಸುವವರು ಗುರುವಿನ ಹೆಸರು ಕೇಳಿದರೆ ಕೈ ಮುಗಿಯುತ್ತಾರೆ. ಈಕೆ ಹಲ್ಲು ಕಡಿಯುತ್ತಿದ್ದಳು. ಎಲ್ಲಾ ಒಂದು ಮಾತಿನಿಂದ ಆದದ್ದು. ಅದು ಬೈಗುಳವಲ್ಲ, ಶಾಪವಲ್ಲ. ಕೊನೆಗೆ ಉದ್ದ ಎಳೆದರೆ ಒಂದು ಅರ್ಥ, ಗಿಡ್ಡಕ್ಕೆ ಅಂದರೆ ಇನ್ನೊಂದು, ಅಷ್ಟೇ. ನಮ್ಮ ಕಡೆಯ ಮಂದಿಯ ನಾಲಿಗೆಗೆ ಉದ್ದ ಎಳೆಯುವ ವ್ಯವಧಾನ ಎಲ್ಲಿದೆ? ಗಿಡ್ಡ ಮಾಡಿಬಿಟ್ಟರು. ಮಾಡಿ, ಒಬ್ಬ ಹೆಣ್ಣುಮಗಳ ಹೆಸರು ಹೇಳಹೆಸರಿಲ್ಲದಂತೆ ಅಳಿಸಿಹಾಕಿದರು.

ಬಾಳವ್ವ ಹತ್ತಿ ವ್ಯಾಪಾರಿ ಅನಂತಪ್ಪನ ಒಬ್ಬಳೇ ಮಗಳು. ಜೈನರ ಮನೆತನ, ಬಸದಿಯ ಹತ್ತಿರದ ಓಣಿಯಲ್ಲಿ ಮನೆ. ತೊಡೆಯ ಮೇಲೆ ಕೂಡ್ರಿಸಿಕೊಂಡು ಮದುವೆ ಮಾಡುವ ಕಾಲವದು. ಸಾವಳಗಿಯ ಹುಡುಗನೊಬ್ಬನಿಗೆ ಕೊಟ್ಟಿದ್ದರು. ದೊಡ್ಡ ಯುದ್ಧ ಮುಗಿದ ವರ್ಷ ಊರೂರಿಗೇ ಜ್ವರ ಬಿದ್ದಾಗ ಆ ಹುಡುಗ ಸತ್ತ. ಅದೇ ಜ್ವರದಲ್ಲಿ ತಾಯಿಯೂ ಹೋದಳು. ಗಂಡನ ಮುಖ ಹೇಗಿತ್ತೆಂದು ಕೇಳಿದರೆ ಬಾಳವ್ವನಿಗೆ ಹೇಳಲು ಬರುತ್ತಿರಲಿಲ್ಲ, ಆದರೂ ಅವನ ಹೆಸರಿನಲ್ಲಿ ಬಳೆ ಒಡೆದರು, ಬಣ್ಣದ ಸೀರೆ ಕಸಿದುಕೊಂಡರು, ಹಣೆ ಬರಿದು ಮಾಡಿದರು. ಆಟದ ವಯಸ್ಸಿನ ಹುಡುಗಿ ಮಾತಾಡುವುದನ್ನೇ ಬಿಟ್ಟಳು.

ಅನಂತಪ್ಪನಿಗೆ ಜಮಖಂಡಿಯಲ್ಲಿ ಅಡತಿ ಅಂಗಡಿ ಇತ್ತು. ತೇರದಾಳದ ಹೆಂಗಸರ ಕಣ್ಣಿನಿಂದ ಮಗಳನ್ನು ತಪ್ಪಿಸಿದರೆ ಸಾಕೆಂದು ಅಲ್ಲಿಯೇ ಮನೆ ಮಾಡಿದ. ಹಿತ್ತಲ ಗೋಡೆಯ ಆಚೆ ದಸ್ತಗೀರಖಾನರ ಮನೆ. ಸಂಸ್ಥಾನದ ಅರಸರ ವಾಡೆಯಲ್ಲಿ ಸಿತಾರ ಬಾರಿಸುವ ನೌಕರಿ ಅವರದು. ಬೆಳಿಗ್ಗೆ ತಂತಿ ಮುಟ್ಟುವ ಮೊದಲು ಅವರು ತಮ್ಮ ಕಿವಿ ಹಿಡಿದುಕೊಂಡು ಹಿರಿಯರ ಹೆಸರು ಗಟ್ಟಿಯಾಗಿ ಹೇಳುತ್ತಿದ್ದರು: ಉತ್ತರದಿಂದ ಸಿತಾರ ಹೊತ್ತು ಬಂದ ಮುತ್ತಜ್ಜ ಪೀರಖಾನ, ಮಿರಜೆಯಲ್ಲಿ ನೆಲೆನಿಂತ ಅಜ್ಜ ಗುಲಾಬಖಾನ, ಅಪ್ಪ ಲಾಡಲೇಖಾನ. ಒಬ್ಬರಿಂದ ಒಬ್ಬರಿಗೆ ಬಂದ ವಿದ್ಯೆ. ಹೆಸರು ಹೇಳದೆ ಬಾರಿಸಿದರೆ ಕದ್ದಂತೆ. ಬಾಳವ್ವ ಗೋಡೆಗೆ ಕಿವಿ ಹಚ್ಚಿ ಮೊದಲು ಕಲಿತದ್ದು ಸ್ವರವಲ್ಲ, ಆ ಹೆಸರುಗಳನ್ನು.

ಒಂದು ದಿನ ಮಗಳು ಅದೇ ಧಾಟಿಯಲ್ಲಿ ಆ ಹೆಸರುಗಳನ್ನು ಗುಣುಗುಡುವುದನ್ನು ಅನಂತಪ್ಪ ಕೇಳಿದ. ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಿದ್ದಳು. ಅವನಿಗೆ ಸಂಗೀತದ ಗಂಧ ಗಾಳಿ ಇರಲಿಲ್ಲ. ಬಾಗಿಲು ಕಿರುಗುಟ್ಟಿದ್ದಕ್ಕೂ ಸಿತಾರ ನುಡಿದದ್ದಕ್ಕೂ ಫರಕು ತಿಳಿಯದ ಮನುಷ್ಯ. ಆದರೂ ರುಮಾಲು ಸುತ್ತಿಕೊಂಡು ಉಸ್ತಾದರ ಮನೆಗೆ ಹೋದ.

“ಖಾನಸಾಹೇಬ್ರ, ನನ್ನ ಮಗಳಿಗೆ ಒಂದೀಟು ಬಾಜಾ ಕಲಿಸ್ರಿ. ಪುಣ್ಯಾ ಬರತೈತಿ.”

“ನಮ್ಮ ಘರಾಣಾದಾಗ ಹೆಣ್ಮಕ್ಕಳಿಗೆ ಕಲಿಸಿಲ್ರಿ, ಸಾವಕಾರ್ರ.”

“ನಮ್ಮ ಮನ್ಯಾಗೂ ಯಾರೂ ಕಲ್ತಿಲ್ರಿ. ನಿಮಗೂ ಹೊಸಾದು, ನಮಗೂ ಹೊಸಾದು ಆತಲ್ಲ!”

ಉಸ್ತಾದರು ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಎನ್ನಲು ಬರಲಿಲ್ಲ. ಮರುದಿನದಿಂದ ಬಾಳವ್ವ ಗೋಡೆ ಸುತ್ತಿ ಅವರ ಪಡಸಾಲೆಗೆ ಹೋದಳು. ವರ್ಷಗಟ್ಟಲೆ ಹೋದಳು. ಬೆರಳು ಸೀಳಿತು, ಜಡ್ಡುಗಟ್ಟಿತು. ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಮೀಂಡ್ ಆ ಮನೆತನದ ಆಸ್ತಿ. ಅದನ್ನು ಉಸ್ತಾದರು ತಮ್ಮ ಗಂಡುಮಕ್ಕಳಿಗೂ ಕಲಿಸಿರಲಿಲ್ಲ. ಆ ಮಕ್ಕಳಿಗೆ ಗಾಳಿಪಟ ಬಿಟ್ಟು ಬೇರೆ ಯಾವ ದಾರವೂ ಬೇಕಿರಲಿಲ್ಲ. ಈಕೆಗೆ ಕಲಿಸಿದರು, ಬೈದು, ಬೆರಳಿಗೆ ಬಾರಿಸಿ, ಕೂಡ್ರಿಸಿ ಕಲಿಸಿದರು.

ಹೀಗೆ ಕಲಿಸಿ ಕೈ ಕುದುರಿದ ಮೇಲೆ ಆ ಮಂದಿಯಲ್ಲಿ ಒಂದು ಪದ್ಧತಿ ಇದೆ. ನಾಲ್ಕು ಜನರ ಮುಂದೆ ಗುರು ಶಿಷ್ಯನ ಕೈಗೆ ಒಂದು ದಾರ ಕಟ್ಟುತ್ತಾನೆ, ಕಡಲೆ ಬೆಲ್ಲ ತಿನ್ನಿಸುತ್ತಾನೆ. ಅಂದಿನಿಂದ ಶಿಷ್ಯ ಆ ಮನೆತನದವ. ಅವರ ಮಾತಿನಲ್ಲಿ ಶಿಷ್ಯನಿಗೆ ಶಾಗಿರ್ದ್ ಎನ್ನುತ್ತಾರೆ, ಆ ದಾರಕ್ಕೆ ಗಂಡಾ ಎನ್ನುತ್ತಾರೆ. ಗಂಡಾ, ಉದ್ದ. ಉಸ್ತಾದರು ಬಾಳವ್ವನ ಕೈಗೆ ಕೆಂಪು ದಾರ ಕಟ್ಟಿ, ಮಲ್ಲಿಗೆ ಮಾಲೆ ಸಿತಾರಕ್ಕೆ ಹಾಕಿ ಹೇಳಿದರು: “ಇವತ್ತ ನೀನೂ ಸಾಲಿನ್ಯಾಗ ಬಂದಿ, ಬೇಟಿ. ಪೀರಖಾನ, ಗುಲಾಬಖಾನ, ಲಾಡಲೇಖಾನ, ದಸ್ತಗೀರಖಾನ, ಬಾಳವ್ವ.”

ಅತ್ತೆಮನೆಯ ಸಾಲಿನಲ್ಲಿ ಆಕೆಯ ಹೆಸರಿರಲಿಲ್ಲ, ತವರಿನ ಸಾಲಿನಲ್ಲಿ ಹೆಣ್ಣುಮಕ್ಕಳ ಹೆಸರು ಯಾರೂ ಹೇಳುವುದಿಲ್ಲ. ಈ ಒಂದು ಸಾಲು ಸಿಕ್ಕಿತು. ಬಾಳವ್ವನಿಗೆ ಬದುಕಿನಲ್ಲಿ ಬೇಕಾದದ್ದು ಇದೊಂದೇ, ಬೇರೆ ಏನನ್ನೂ ಆಕೆ ಯಾರ ಹತ್ತಿರವೂ ಕೇಳಿರಲಿಲ್ಲ.

ಮರುದಿನ ಸೋದರತ್ತೆ ಬೋರವ್ವ ತೇರದಾಳದಿಂದ ಚಕ್ಕಡಿಯಲ್ಲಿ ಬಂದಳು. ಬಂದವಳ ಕಣ್ಣು ಮೊದಲು ಕೈಗೇ ಬಿತ್ತು.

“ಏನ್ ಬೇ ಅದು, ಕೈಯಾಗ ಕೆಂಪು ದಾರಾ?”

ಬಾಳವ್ವ ಹಿಗ್ಗಿನಲ್ಲಿದ್ದಳು. ಹಿಗ್ಗಿದವರಿಗೆ ಎದುರಿಗೆ ಯಾರಿದ್ದಾರೆಂಬ ಎಚ್ಚರ ಎಲ್ಲಿರುತ್ತದೆ? “ಉಸ್ತಾದ್ರ ಕಡಿಂದ ಗಂಡಾ ಕಟ್ಟಿಸಿಕೊಂಡೀನಿ, ಅತ್ತಿ!”

“ಏನ್ ಕಟ್ಟಿಸಿಕೊಂಡಿ?”

“ಗಂಡಾ! ಎಲ್ಲಾರ ಮುಂದ ಆತು. ಹೂವಿನ ಮಾಲಿ ತಂದಿದ್ರು. ತಮ್ಮ ಕೈಲೇ ಬೆಲ್ಲಾ ತಿನಿಸಿದ್ರು.”

ಬೋರವ್ವ ನೀರು ಸಹ ಕುಡಿಯಲಿಲ್ಲ. ಅದೇ ಚಕ್ಕಡಿ ತಿರುಗಿಸಿಕೊಂಡು ಹೋದಳು. ಚಕ್ಕಡಿ ತೇರದಾಳದ ಅಗಸಿ ಬಾಗಿಲು ದಾಟುವ ಹೊತ್ತಿಗೆ ಮಾತು ಗಿಡ್ಡವಾಗಿತ್ತು: ಬಾಳವ್ವ ಉಸ್ತಾದನನ್ನು ಗಂಡ ಅಂತ ಕಟ್ಟಿಕೊಂಡಿದ್ದಾಳೆ. ಸಂಜೆಗೆ ಇನ್ನೊಂದಿಷ್ಟು ಬೆಳೆಯಿತು: ಅನಂತಪ್ಪ ರಂಡಮುಂಡೆಯಾದ ಮಗಳನ್ನು ಸಾಬನಿಗೆ ಉಡಿಕಿ ಮಾಡಿಕೊಟ್ಟಿದ್ದಾನೆ. ಗಂಡ ಸತ್ತವಳನ್ನು ಮತ್ತೊಬ್ಬನಿಗೆ ಕಟ್ಟುವುದಕ್ಕೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ದಾರ ಇದೆ, ಹೂವು ಇದೆ, ಸಿಹಿ ಇದೆ, ಹುಡುಗಿಯೇ ಬಾಯಿಬಿಟ್ಟು ಹೇಳಿದ್ದಾಳೆ. ಇನ್ನೇನು ಸಾಕ್ಷಿ ಬೇಕು? ಜಮಖಂಡಿಗೆ ಹೋಗಿ ಕೇಳಿಬರೋಣ ಎಂದು ಒಬ್ಬನಿಗಾದರೂ ಅನಿಸಬೇಕಲ್ಲ! ಇಂಥ ಸುದ್ದಿಯನ್ನು ಕೇಳಿ ನೋಡಿ ಕೆಡಿಸಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ!

ಪಂಚರು ಹಿರಿಯ ಆದಪ್ಪನ ಮನೆಯ ಕಟ್ಟೆಯ ಮೇಲೆ ಕೂಡಿದರು. ಅನಂತಪ್ಪನನ್ನು ಕರೆಸಿದರು, ಉಸ್ತಾದರನ್ನೂ ಕರೆಸಿದರು. ಬಾಳವ್ವನನ್ನು ತಲೆಬಾಗಿಲ ಒಳಗೆ ನಿಲ್ಲಿಸಿದರು. ಆಕೆಗೆ ಅಂದು ಭಯವೇ ಇರಲಿಲ್ಲ. ಉಸ್ತಾದರು ಬಂದಿದ್ದಾರೆ, ಒಂದು ಮಾತಿನ ಅರ್ಥ ಬಿಡಿಸಿ ಹೇಳುತ್ತಾರೆ, ಎಲ್ಲರೂ ನಕ್ಕು ಮನೆಗೆ ಹೋಗುತ್ತಾರೆ. ಅಷ್ಟೇ ತಾನೇ?

“ಖಾನಸಾಹೇಬ್ರ,” ಆದಪ್ಪ ಕೇಳಿದ, “ಸುತ್ತಿ ಬಳಸಿ ಮಾತ ಬ್ಯಾಡ. ಈ ಹುಡುಗಿಗೆ ಗಂಡ ಕಟ್ಟೀರೋ, ಇಲ್ಲೋ?”

ಉಸ್ತಾದರು ಸುತ್ತಲೂ ನೋಡಿದರು. ಕಟ್ಟೆಯ ಕೆಳಗೆ ನಿಂತವರ ಕೈಯಲ್ಲಿ ಬಡಿಗೆಗಳಿದ್ದವು.

“ಇಲ್ರೀ. ನಾ ಏನೂ ಕಟ್ಟಿಲ್ಲ.”

“ಆಕಿ ಕೈಯಾಗ ದಾರ ಐತಲ್ಲ?”

“ಅದು ನಂದಲ್ಲರೀ.”

“ಮತ್ತ ನಿಮ್ಮ ಮನಿಗೆ ಬರತಿದ್ದಳಲ್ಲ, ದಿನಾ?”

“ಗ್ವಾಡಿ ಆಚೆ ನಿಂತು ಕೇಳತಿತ್ತು ಹುಡುಗಿ. ನನ್ನ ಶಾಗಿರ್ದ್ ಅಲ್ಲ ಆಕಿ. ನಮ್ಮ ಘರಾಣಾದಾಗ ಹೆಣ್ಮಕ್ಕಳಿಗೆ ಕಲಿಸೂದ ಇಲ್ರೀ.”

ಬಾಗಿಲ ಒಳಗೆ ಬಾಳವ್ವ ಚೌಕಟ್ಟು ಹಿಡಿದುಕೊಂಡಳು. ಒಂದೇ ಉಸಿರಿಗೆ ಇಷ್ಟು ವರ್ಷಗಳನ್ನು ನುಂಗಿಬಿಟ್ಟನಲ್ಲ ಮನುಷ್ಯ! ಹೆದರಿದ್ದ, ಸರಿ. ಹೆದರಿಕೆಯಲ್ಲಾದರೂ ಒಂದಿಷ್ಟು ಯೋಚನೆ ಬೇಡವೇ? ದಾರ ತನ್ನದಲ್ಲ ಎಂದು ಎದ್ದು ಹೋದ. ವಿಧವೆಯ ಕೈಯಲ್ಲಿ ದಾರ ಇನ್ನೂ ಇತ್ತು. ಉಸ್ತಾದನದಲ್ಲವೆಂದ ಮೇಲೆ ಅದು ಯಾವ ಗಂಡಸಿನದು? ಬಡಿಗೆಯವರೆಲ್ಲ ಈಗ ತಲೆಬಾಗಿಲ ಕಡೆ ತಿರುಗಿದರು.

“ಯಾರದೋ ಆ ದಾರ, ಅನಂತಪ್ಪಾ?” ಆದಪ್ಪ ಕೇಳಿದ.

ಅನಂತಪ್ಪ ಎದ್ದು ನಿಂತ. ಅವನ ಕಾಲು ನಡುಗುವುದು ಧೋತರದ ಮೇಲಿಂದಲೂ ಕಾಣುತ್ತಿತ್ತು. ಹುಟ್ಟಿದಂದಿನಿಂದ ಯಾರಿಗೂ ಎದುರು ಮಾತಾಡಿದವನಲ್ಲ.

“ನಂದು,” ಎಂದ. “ನಾ ಕಟ್ಟೀನಿ.”

“ನೀ ಯಾಕ ಕಟ್ಟಿ?”

“ನನ್ನ ಮಗಳಿಗೆ ನಾ ದಾರ ಕಟ್ಟಾಕ ನಿಮ್ಮನ್ನ ಕೇಳಬೇಕೇನು?”

ಯಾರೂ ನಂಬಲಿಲ್ಲ, ಆದರೆ ಅಲ್ಲಗಳೆಯುವುದು ಹೇಗೆಂದೂ ತಿಳಿಯಲಿಲ್ಲ. ಆದ್ದರಿಂದ ಬಡಿಗೆಗೆ ಕೆಲಸ ಬೀಳಲಿಲ್ಲ. ಬೇರೆ ಶಿಕ್ಷೆ ಕೊಟ್ಟರು. ಜಮಖಂಡಿಯ ಮನೆ ಮುಚ್ಚಬೇಕು, ಹುಡುಗಿ ಊರು ಬಿಟ್ಟು ಕದಲಬಾರದು. ಆಮೇಲೆ ಯಾವ ಮದುವೆಯ ಪಂಕ್ತಿಗೂ ಅನಂತಪ್ಪನನ್ನು ಕರೆಯಲಿಲ್ಲ. ಅವನು ಎದುರಿಗೆ ಬಂದರೆ ಓಣಿಯ ಮಂದಿ ಇನ್ನೊಂದು ಬದಿಗೆ ಸರಿಯುತ್ತಿದ್ದರು.

ಜಮಖಂಡಿಯ ಸಾಮಾನು ತೇರದಾಳದ ಮನೆಗೆ ಬಂದಿಳಿದ ಸಂಜೆ ಬಾಳವ್ವ ದಾರವನ್ನು ಹಲ್ಲಿನಿಂದ ಕಡಿದು ಒಲೆಗೆ ಹಾಕಿದಳು. ಸಿತಾರವನ್ನೂ ಎತ್ತಿದಳು. ಅನಂತಪ್ಪ ಕೈ ಅಡ್ಡ ಹಿಡಿದ.

“ಅದೇನ್ ಮಾಡೇತಿ, ಪಾಪ? ಸಿಟ್ಟು ಬಂದ್ರ ಬಾರಿಸು, ಸುಡಬ್ಯಾಡ.”

ಅವನೇ ಅದನ್ನು ಹೊತ್ತು ಹಿತ್ತಲಾಚೆಯ ಹತ್ತಿ ಗೋದಾಮಿಗೆ ಒಯ್ದ. ನಾಲ್ಕೂ ಕಡೆ ಹತ್ತಿಯ ಅಂಡಿಗೆಗಳು ಮಾಡಿನ ತನಕ ಪೇರಿಸಿದ್ದವು. ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಡಿಸಿದ. ಅಲ್ಲಿ ಏನು ಬಾರಿಸಿದರೂ ಓಣಿಗೆ ಕೇಳುತ್ತಿರಲಿಲ್ಲ. ಕೂತವಳಿಗೇ ಸರಿಯಾಗಿ ಕೇಳುತ್ತಿರಲಿಲ್ಲ; ಹತ್ತಿ ಸದ್ದನ್ನು ಕುಡಿದುಬಿಡುತ್ತಿತ್ತು. ಮೆಲ್ಲಗೆ ಮೀಟಿದ ಸ್ವರ ಎದ್ದಲ್ಲೇ ಸಾಯುತ್ತಿತ್ತು. ಹೀಗಾಗಿ ಬಾಳವ್ವ ಜೋರಾಗಿ ಹೊಡೆಯತೊಡಗಿದಳು. ಎಡಗೈಯ ಮೀಂಡ್ ಉಸ್ತಾದರದೇ ಉಳಿಯಿತು. ಬಲಗೈ ಬೇರೆಯಾಯಿತು. ಅವರ ಮನೆತನದಲ್ಲಿ ತಂತಿಯನ್ನು ಸವರಿದಂತೆ ಮೀಟುತ್ತಾರೆ. ಈಕೆಯ ಏಟು ಎದೆಗೆ ತಾಗುವಂತಿತ್ತು. ಯಾರನ್ನು ಹೊಡೆಯುತ್ತಿದ್ದಾಳೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಅನಂತಪ್ಪ ದಿನಾಲು ಮಧ್ಯಾಹ್ನ ಊಟ ಮಾಡಿ ಬಂದು ಅಂಡಿಗೆಗೆ ಒರಗಿ ಕೂತುಕೊಳ್ಳುತ್ತಿದ್ದ. ಒಂದಿಷ್ಟು ಹೊತ್ತು ತೂಕಡಿಸುತ್ತಿದ್ದ. ಏಳುವಾಗ “ಇವತ್ತ ಭಾಳ ಛಲೋ ಆತು” ಎಂದು ಹೇಳದೆ ಏಳುತ್ತಿರಲಿಲ್ಲ.

“ಏನ್ ಛಲೋ ಅಪ್ಪಾ! ತಂತಿ ಇಳದಿತ್ತು, ಎಲ್ಲಾ ಅಪಸ್ವರ.”

“ಹೌದೇನು? ನನಗೇನೋ ಛಲೋನ ಕೇಳಿಸ್ತು.”

ಅವನು ಸತ್ತ ದಿನ ಹೆಣಕ್ಕೆ ಹೆಗಲು ಕೊಡಲು ಓಣಿಯವರು ಬರಲಿಲ್ಲ. ಅಂಗಡಿಯ ಹಮಾಲರು ಬಂದು ಹೊತ್ತರು. ದಿನಾಲು ಬಸದಿಗೆ ಹೋಗಿ ಇರುವೆಗೂ ಹಿಂಸೆಯಾಗಬಾರದೆಂದು ಕೈ ಮುಗಿದು ಬರುವ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಬೋರವ್ವ ಒಬ್ಬಳು ಬಂದು ಹೊಸ್ತಿಲಲ್ಲಿ ಕೂತು ಅತ್ತಳು.

“ನನಗ ಆ ಮಾತಿನ ಅರ್ಥ ತಿಳೀಲಿಲ್ಲವ್ವಾ. ನನ್ನ ನಾಲಿಗಿಗೆ ಬೆಂಕಿ ಬೀಳಲಿ.”

“ಹೌದು, ನಿನಗ ತಿಳೀಲಿಲ್ಲ,” ಬಾಳವ್ವ ಹೇಳಿದಳು. “ತಿಳಿದಾವ ಒಬ್ಬ ಇದ್ದ. ಅವ ಬಾಯಿ ಬಿಡಲಿಲ್ಲ. ಒಳಗ ಬಾ, ಅತ್ತಿ.”

ಬನಹಟ್ಟಿಯ ನೂಲಿನ ವ್ಯಾಪಾರಿ ಗಿರಮಲ್ಲಪ್ಪ ಗೋದಾಮು ಬಾಡಿಗೆಗೆ ಕೇಳಲು ಬಂದದ್ದು ಆಮೇಲೆ. ಸಂಗೀತದ ಹುಚ್ಚಿನ ಮನುಷ್ಯ. ಅಂಡಿಗೆಗಳ ನಡುವಿನಿಂದ ಬಂದ ಸದ್ದು ಕೇಳಿ ಬಂದ ಕೆಲಸ ಮರೆತು ನಿಂತುಬಿಟ್ಟ. ಅವನೇ ಬಾಳವ್ವನನ್ನು ರಬಕವಿಗೆ, ಮುಧೋಳಕ್ಕೆ, ಬೀಳಗಿಗೆ ಕರೆದೊಯ್ದು ಬಾರಿಸಲು ಕೂಡ್ರಿಸಿದ. ಊರು ಬಿಡಬಾರದೆಂದ ಪಂಚರಿಗೆ ಬಾಳವ್ವ ಕೇಳಲೂ ಇಲ್ಲ, ಹೇಳಲೂ ಇಲ್ಲ. ಅಪ್ಪನೇ ಇಲ್ಲದ ಮೇಲೆ ಅವರು ಆಕೆಯಿಂದ ಕಸಿದುಕೊಳ್ಳುವುದಕ್ಕೆ ಏನು ಉಳಿದಿತ್ತು?

ಮಂದಿ ಕೇಳಿದರು, ತಲೆದೂಗಿದರು, ಆಮೇಲೆ ಒಂದೇ ಪ್ರಶ್ನೆ ಹಾಕುತ್ತಿದ್ದರು: “ಯಾರ ಶಾಗಿರ್ದ್ ನೀವು?”

“ಯಾರದೂ ಅಲ್ಲ.”

ಮಿರಜೆಯ ಕಡೆಯ ಬಜಂತ್ರಿಗಳು ಇದನ್ನು ಕೇಳಿ ನಕ್ಕರು. ಗುರು ಇಲ್ಲದೆ ಸಿತಾರ ಬರುತ್ತದೆಯೇ? ಬೇವಾರಸಿ ಕೈ ಎಂದು ಹೆಸರಿಟ್ಟರು. ದೊಡ್ಡ ಮೆಹಫಿಲ್ಲುಗಳಿಗೆ ಕರೆಯಲಿಲ್ಲ, ಕರೆದರೂ ದೊಡ್ಡವರಿಗೆ ಮೀಸಲಾದ ಕೊನೆಯ ಸರದಿಯಲ್ಲಿ, ತಮ್ಮ ನಂತರ, ಕೂಡ್ರಿಸಲಿಲ್ಲ. ದಸ್ತಗೀರಖಾನರ ಹೆಸರೊಂದು ಹೇಳಿದ್ದರೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಆದರೆ ಇಲ್ಲವೆಂದವರ ಹೆಸರು ಹೇಳಿಕೊಂಡು ತಿರುಗಲು ಬಾಳವ್ವ ಭಿಕ್ಷೆಗೆ ಹೊರಟವಳಲ್ಲ. ಹೇಳಬೇಕಾದವರು ಅವರು, ಹೇಳಬೇಕಾದ ಜಾಗ ತೇರದಾಳದ ಆ ಕಟ್ಟೆ.

ಸಂಸ್ಥಾನಗಳೆಲ್ಲ ಇಂದೋ ನಾಳೆಯೋ ಮುಳುಗುತ್ತವೆ ಎಂದು ಸಂತೆಯಲ್ಲಿಯೂ ಮಾತಾಡಿಕೊಳ್ಳುತ್ತಿದ್ದ ವರ್ಷ ಗಿರಮಲ್ಲಪ್ಪ ಬನಹಟ್ಟಿಯಲ್ಲಿ ಹೊಸ ಮನೆ ಕಟ್ಟಿಸಿದ. ಮಧ್ಯಾಹ್ನ ಊಟವಾದ ಮೇಲೆ ಬಾಳವ್ವನ ಸಿತಾರ ಎಂದು ಹತ್ತೂರ ರಸಿಕರನ್ನು ಕರೆಸಿದ್ದ. ದಸ್ತಗೀರಖಾನರನ್ನೂ ಕರೆಸಿದ್ದ, ಬಾಳವ್ವನಿಗೆ ತಿಳಿಸದೆ. ಅವರಿಗೆ ಈಗ ಪೂರಾ ವಯಸ್ಸಾಗಿತ್ತು. ವಾಡೆಯ ನೌಕರಿ ಹೋಗುವುದರಲ್ಲಿತ್ತು. ಒಬ್ಬ ಮಗ ಅರಿವೆ ಹೊಲಿಯುತ್ತಿದ್ದ, ಇನ್ನೊಬ್ಬ ಮೋಟಾರು ನಡೆಸುತ್ತಿದ್ದ. ಪೀರಖಾನರಿಂದ ಬಂದ ವಿದ್ಯೆ ಮನೆಯಲ್ಲಿ ಅವರೊಬ್ಬರ ಹತ್ತಿರವೇ ಉಳಿದಿತ್ತು.

ಬಾಳವ್ವ ತಂತಿ ಕೂಡಿಸುತ್ತಿದ್ದಾಗ ಅವರು ಕೋಲೂರಿ ಎದ್ದು ನಿಂತರು.

“ಎಲ್ಲಾರೂ ಕೇಳ್ರಿ. ಈಕಿ ನನ್ನ ಶಾಗಿರ್ದ್. ನಾನ ಈಕಿಗೆ ಗಂಡಾ ಕಟ್ಟೀನಿ. ತೇರದಾಳದ ಪಂಚರ ಮುಂದ ಅವತ್ತ ನಾ ಸುಳ್ಳು ಹೇಳಿದೆ. ಅಂಜಿದ್ದೆ. ನೌಕರಿ ಹೋಗತಿತ್ತು, ಮಕ್ಕಳು ಸಣ್ಣವರಿದ್ರು. ಅಲ್ಲಾ ನನ್ನ ಮಾಫ್ ಮಾಡಲಿ.”

ಪಡಸಾಲೆಯ ತುಂಬ “ವಾಹವ್ವಾ” ಎದ್ದಿತು. ಎಂಥ ದೊಡ್ಡ ಮನಸ್ಸು ಎಂದರು, ಒಂದಿಬ್ಬರು ಕಣ್ಣೊರೆಸಿಕೊಂಡರು. ತಾನು ಮಾಡಿದ ಏರ್ಪಾಟು ಫಲಿಸಿತೆಂದು ಗಿರಮಲ್ಲಪ್ಪನ ಮುಖ ಅರಳಿತು. ಈಗ ಈಕೆ ಎದ್ದು ಕಾಲಿಗೆ ಬೀಳುತ್ತಾಳೆ ಎಂದು ಎಲ್ಲರೂ ನೋಡುತ್ತಿದ್ದರು. ಬಾಳವ್ವನ ಮೈಯೆಲ್ಲ ಉರಿಯಿತು.

“ಉಸ್ತಾದ್ರ, ಇಲ್ಲಿ ಕುಂತಾವರಿಗೆಲ್ಲಾ ಗಂಡಾ ಅಂದ್ರ ಏನಂತ ಗೊತ್ತೈತ್ರಿ. ಇವರ ಮುಂದ ಹೇಳಾಕ ಏನ್ ಧೈರ್ಯಾ ಬೇಕು? ವಾಹವ್ವಾ ಅಂತಾರ, ಅಂದ್ರು. ಗೊತ್ತಿಲ್ಲದಾವರು ತೇರದಾಳದಾಗ ಅದಾರ. ಆದಪ್ಪಕಾಕಾ ಇನ್ನೂ ಬದಕ್ಯಾನ. ಅದ ಕಟ್ಟಿ ಮ್ಯಾಲ ದಿನಾ ಸಂಜಿಗೆ ಕುಂಡರತಾನ. ಅಲ್ಲಿ ಬಂದು ಹೇಳ್ರಿ. ಹೇಳಿದ ಗಳಿಗಿಯಿಂದ ನಿಮ್ಮ ಹೆಸರು ತೊಗೊಂಡ ಸಿತಾರ ಮುಟ್ಟತೀನಿ.”



“ಬೇಟಿ, ಈಗಿನ ದಿನಮಾನ ನಿನಗ ಗೊತ್ತೈತಿ,” ಉಸ್ತಾದರ ದನಿ ಇಳಿಯಿತು. “ಎಲ್ಲಿ ನೋಡಿದಲ್ಲಿ ಹಿಂದೂ ಮುಸಲ್ಮಾನ ಅಂತ ಹೊಡದಾಡಾಕತ್ಯಾರ. ನಾ ಸಾಬ. ಆ ಊರಾಗ ನಿಂತು ಮತ್ತ ಆ ಮಾತು ಎತ್ತಿದ್ರ ಏನಾದೀತು? ನನಗ ಅಂಜಿಕಿ ಬರತೈತಿ.”

ಅಂಜಿಕೆ ಸುಳ್ಳಾಗಿರಲಿಲ್ಲ. ಬಾಳವ್ವನಿಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಒಂದು ಕೂದಲಿನಷ್ಟೂ ಇಳಿಯಲಿಲ್ಲ.

“ನಮ್ಮಪ್ಪಗೂ ಅಂಜಿಕಿ ಇತ್ರಿ,” ಎಂದಳು. “ಕಾಲು ನಡಗತಿದ್ದುವು.”

ಆಮೇಲೆ ಸಿತಾರ ಎತ್ತಿಕೊಂಡು, ಎಡಗೈಯಿಂದ ಕಿವಿ ಹಿಡಿದು, ಗುರುವಿನ ಹೆಸರು ಕೇಳಲು ಕಾದಿದ್ದ ರಸಿಕರಿಗೆ ಗಟ್ಟಿಯಾಗಿ ಹೇಳಿದಳು: “ನನಗ ಗಂಡಾ ಕಟ್ಟಿದಾವ ಹತ್ತಿ ವ್ಯಾಪಾರಿ ಅನಂತಪ್ಪ. ಅವಗ ಸಾ ಯಾವುದು ರಿ ಯಾವುದು ಗೊತ್ತಿರಲಿಲ್ಲ. ಬಾರಿಸತೇನಿ, ಕೇಳ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೊದಲ ಏಟಿಗೇ ಆ ನಗು ನಿಂತಿತು. ಕಲ್ಲಿನ ಹೊಸ ಮನೆ, ಬರಿಯ ಗೋಡೆಗಳು. ಸದ್ದು ನುಂಗಲು ಅಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಹತ್ತಿಗೆ ಹೊಡೆದ ಕೈ ಅದು. ಒಬ್ಬರೂ ಕೂತ ಜಾಗದಿಂದ ಅಲುಗಾಡಲಿಲ್ಲ, ಉಸ್ತಾದರೂ ಅಲುಗಾಡಲಿಲ್ಲ.

ಮುಗಿದ ಮೇಲೆ ಬಾಳವ್ವ ಯಾರ ಹೊಗಳಿಕೆಗೂ ನಿಲ್ಲದೆ ಹೊರಗೆ ಬಂದಳು. ತೇರದಾಳಕ್ಕೆ ಹೋಗುವ ಸರ್ವಿಸ್ ಮೋಟಾರು ಚಾವಡಿಯ ಮುಂದೆ ನಿಂತಿತ್ತು. ಹತ್ತಿ ಕೂತಳು. ಕಿಟಕಿಯ ಹತ್ತಿರ ಕೋ‌ಲಿನ ಸದ್ದಾಯಿತು. ಉಸ್ತಾದರು ಏದುಸಿರು ಬಿಡುತ್ತ ಬಂದು ನಿಂತಿದ್ದರು.

“ನನ್ನ ಹೆಸರು ಹೇಳು, ಇಲ್ಲಾ ಬಿಡು. ಆ ಮೀಂಡ್ ನಂದ, ಬಾಳವ್ವ. ಕೇಳಿದಾವರಿಗೆ ಗೊತ್ತಾಗತೈತಿ.”

“ಹೌದ್ರಿ, ನಿಮ್ಮದ. ಕೆಟ್ಟದಾಗಿ ಕಲಿಸಿದ್ರ ನಿಮ್ಮನ್ನ ಎಂದೋ ಮರತು ಆರಾಮ ಇರತಿದ್ದೆ.”

ಆಕೆ ಪಕ್ಕದ ಸೀಟಿನ ಮೇಲೆ ಮಲಗಿಸಿದ್ದ ಸಿತಾರವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಒಬ್ಬರು ಕೂಡುವಷ್ಟು ಜಾಗವಾಯಿತು. “ಹತ್ರಿ,” ಎಂದಳು. “ಸಂಜಿಗೆ ಕಟ್ಟಿ ಮ್ಯಾಲ ಎಲ್ಲಾರೂ ಇರತಾರ. ನಾ ನಿಮ್ಮ ಮಗ್ಗಲಕ ನಿಂದರತೀನಿ.”

ಉಸ್ತಾದರು ಬಾಗಿಲ ಸರಳು ಹಿಡಿದರು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರು. ಡ್ರೈವರ್ ಹಾರ್ನು ಬಾರಿಸಿದ. ಒಳಗಿದ್ದವರು “ಹತ್ತರಿ ಅಜ್ಜಾರ, ಹೊತ್ತಾತು” ಎಂದರು. ಬಾಳವ್ವ ಆ ಮುದಿ ಕೈಯನ್ನೇ ನೋಡುತ್ತ ಕೂತಳು. ಮೋಟಾರು ಕದಲುವಾಗ ಆ ಕೈ ಸರಳು ಬಿಟ್ಟಿತು.